ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯಲ್ಲಿ ವಿದ್ಯಾರ್ಥಿಗೆ ಏನು ಕೆಲಸ?

ಪ್ರಶ್ನೆ: ನಾನು ಧಾರವಾಡದವಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್. ಮಾಡಲು ಬರುವ ಆಗಸ್ಟ್‌ನಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಕ್ಯಾಂಪಸ್ಸಿನಲ್ಲಿ ಒಂದು ಕಲಾ ಗ್ಯಾಲರಿ ಇದೆ. ವರ್ಷವಿಡೀ ಪ್ರದರ್ಶನ, ಉಪನ್ಯಾಸ, ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ, ವಿದ್ಯಾರ್ಥಿಗಳನ್ನು ಅರೆಕಾಲಿಕ ಕೆಲಸಕ್ಕೂ ತೆಗೆದುಕೊಳ್ಳುತ್ತಾರೆ ಎಂದು ಅವರ ಪ್ರಕಟಣೆಯಲ್ಲಿ ಓದಿದೆ. ನಾನು ಚಿತ್ರಕಲೆ ಕಲಿತವಳಲ್ಲ, ಆದರೆ ಚಿತ್ರ, ಶಿಲ್ಪಗಳನ್ನು ನೋಡುವುದೆಂದರೆ ತುಂಬ ಇಷ್ಟ. ನನ್ನಂಥವರು ಅರ್ಜಿ ಹಾಕಬಹುದೇ? ಅಲ್ಲಿ ನಿಜವಾಗಿ ಮಾಡಬೇಕಾದ ಕೆಲಸವೇನು? ವೀಸಾದ ನಿಯಮಗಳು ಏನನ್ನುತ್ತವೆ? ಗ್ರಂಥಾಲಯದ ಅಥವಾ ಕ್ಯಾಂಪಸ್ಸಿನ ಭೋಜನಶಾಲೆಯ ಕೆಲಸಕ್ಕಿಂತ ಇದರಿಂದ ಹೆಚ್ಚಿನ ಪ್ರಯೋಜನ ಉಂಟೇ?

ಉತ್ತರ: ಅರ್ಜಿ ಹಾಕಬಹುದು, ಹಾಕಲೇಬೇಕು ಎಂಬುದು ನನ್ನ ಸಲಹೆ. ಅಮೆರಿಕದ ವಿಶ್ವವಿದ್ಯಾಲಯಗಳ ಕಲಾ ಗ್ಯಾಲರಿಗಳಲ್ಲಿ ವಿದ್ಯಾರ್ಥಿಗಳಿಗೆಂದು ಇರುವ ಬಹುಪಾಲು ಕೆಲಸಗಳಿಗೆ ಕಲಾ ಇತಿಹಾಸದ ಓದು ಬೇಕಿಲ್ಲ. ಜೀವಶಾಸ್ತ್ರ, ಎಂಜಿನಿಯರಿಂಗ್, ಅರ್ಥಶಾಸ್ತ್ರ ಓದುವವರು ಅಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತಾರೆ. ಆದರೆ ಯಾವ ಕೆಲಸ ಕೇಳಬೇಕು, ಸಂದರ್ಶನದಲ್ಲಿ ಏನು ಹೇಳಬೇಕು ಎಂಬುದು ತಿಳಿಯಬೇಕಾದರೆ, ಆ ಗ್ಯಾಲರಿ ವಿಶ್ವವಿದ್ಯಾಲಯದೊಳಗೆ ಏಕೆ ಇದೆ ಎಂಬುದನ್ನು ಮೊದಲು ಅರಿಯಬೇಕು. ನಗರದ ದೊಡ್ಡ ಮ್ಯೂಸಿಯಂ ಮುಖ್ಯವಾಗಿ ಜನರಿಗೆ ತೋರಿಸಲೆಂದು ಸಂಗ್ರಹಿಸುತ್ತದೆ. ವಿಶ್ವವಿದ್ಯಾಲಯದ ಗ್ಯಾಲರಿ ಮುಖ್ಯವಾಗಿ ಕಲಿಸಲೆಂದು ಸಂಗ್ರಹಿಸುತ್ತದೆ. ಅಲ್ಲಿನ ವಿದ್ಯಾರ್ಥಿ ನೌಕರಿಯೂ ಆ ಕಲಿಕೆಯ ಒಂದು ಭಾಗವೇ. ಹಾಗಾಗಿ ಹುದ್ದೆಯ ಹೆಸರಿಗೆ ಮರುಳಾಗಬೇಡಿ, ಆ ಹುದ್ದೆ ನಿಮ್ಮನ್ನು ಕಲಾಕೃತಿಗೆ ಎಷ್ಟು ಹತ್ತಿರ ನಿಲ್ಲಿಸುತ್ತದೆ ಎಂಬುದನ್ನು ನೋಡಿ. ಈ ಉತ್ತರದುದ್ದಕ್ಕೂ ನಾನು ಹೇಳಲಿರುವುದು ಮುಖ್ಯವಾಗಿ ಇದನ್ನೇ.

ಈ ಪರಂಪರೆ ಹಳೆಯದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಮ್ಯೂಸಿಯಂ 1683ರಲ್ಲಿ ಬಾಗಿಲು ತೆರೆಯಿತು. ಅಮೆರಿಕದಲ್ಲಿ ಇಂಥ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿ. ಅಮೆರಿಕದ ಸ್ವಾತಂತ್ರ್ಯಸಮರದ ದೃಶ್ಯಗಳನ್ನು ಚಿತ್ರಿಸಿದ ಜಾನ್ ಟ್ರಂಬುಲ್ ಎಂಬ ಕಲಾವಿದ ತನ್ನ ನೂರಕ್ಕೂ ಹೆಚ್ಚು ಚಿತ್ರಗಳನ್ನು ವರ್ಷಕ್ಕೆ 1000 ಡಾಲರ್ ಜೀವನಾಂಶಕ್ಕೆ ಪ್ರತಿಯಾಗಿ ಯೇಲ್‌ಗೆ ಒಪ್ಪಿಸಿದ. ಅವುಗಳಿಗಾಗಿ ಅವನೇ ವಿನ್ಯಾಸ ಮಾಡಿದ ಕಟ್ಟಡ 1832ರಲ್ಲಿ ತೆರೆಯಿತು. ತನ್ನನ್ನು ಆ ಚಿತ್ರಗಳ ಕೆಳಗೇ ಸಮಾಧಿ ಮಾಡಬೇಕೆಂಬುದು ಅವನ ಕೋರಿಕೆಯಾಗಿತ್ತು, ಅದನ್ನು ನಡೆಸಿಯೂ ಕೊಟ್ಟರು. ಇಂದಿನ ಗ್ಯಾಲರಿಯ ಮುಖ್ಯ ಕಟ್ಟಡಗಳಲ್ಲೊಂದು 1953ರಲ್ಲಿ ಮುಗಿದದ್ದು. ಅದರ ವಾಸ್ತುಶಿಲ್ಪಿ ಲೂಯಿ ಕಾನ್. ಅಹಮದಾಬಾದಿನ ಐಐಎಂ ಕಟ್ಟಡಗಳನ್ನು ಮುಂದೆ ರೂಪಿಸಿದವರು ಅವರೇ. ಯೇಲ್ ಗ್ಯಾಲರಿಗೆ ಪ್ರವೇಶ ಶುಲ್ಕವಿಲ್ಲ. ಹಾರ್ವರ್ಡ್‌ನ ಕಲಾ ಮ್ಯೂಸಿಯಂಗಳೂ 2023ರ ಜೂನ್‌ನಿಂದ ಎಲ್ಲರಿಗೂ ಉಚಿತ.

ಕಲಿಸಲೆಂದೇ ಸಂಗ್ರಹ ಎಂಬ ಮಾತಿಗೆ ಒಳ್ಳೆಯ ನಿದರ್ಶನಗಳಿವೆ. ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನಲ್ಲಿ ಪಾಲ್ ಸ್ಯಾಕ್ಸ್ 1920ರ ದಶಕದಲ್ಲಿ ಮ್ಯೂಸಿಯಂ ಕೆಲಸವನ್ನೇ ಒಂದು ಪಠ್ಯವಾಗಿ ಕಲಿಸತೊಡಗಿದರು. ವಿದ್ಯಾರ್ಥಿಗಳು ಕಲಾಕೃತಿಗಳನ್ನು ಕೈಯಾರೆ ಎತ್ತಿ, ತಿರುಗಿಸಿ, ಹಿಂಬದಿಯ ಗುರುತುಗಳನ್ನು ಓದಿ, ತಾವೇ ಪ್ರದರ್ಶನ ಜೋಡಿಸಿ ಕಲಿಯುತ್ತಿದ್ದರು. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂಗೆ 1929ರಲ್ಲಿ ಮೊದಲ ನಿರ್ದೇಶಕರಾದ ಆಲ್ಫ್ರೆಡ್ ಬಾರ್ ಸ್ಯಾಕ್ಸರ ಶಿಷ್ಯರು. ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನದು ಇನ್ನೂ ಧೈರ್ಯದ ಪ್ರಯೋಗ. ಅಲ್ಲಿನ ಆಲೆನ್ ಮ್ಯೂಸಿಯಂ 1940ರಿಂದ ಮೂಲ ಕಲಾಕೃತಿಗಳನ್ನು ಅತ್ಯಲ್ಪ ಬಾಡಿಗೆಗೆ ವಿದ್ಯಾರ್ಥಿಗಳ ಕೋಣೆಗೆ ಕಳಿಸಿಕೊಡುತ್ತಾ ಬಂದಿದೆ, ಒಳ್ಳೆಯದನ್ನು ಆರಿಸಿಕೊಳ್ಳಲು ಹುಡುಗ ಹುಡುಗಿಯರು ಹಿಂದಿನ ರಾತ್ರಿಯೇ ಬಂದು ಬಾಗಿಲ ಬಳಿ ಸಾಲಿನಲ್ಲಿ ಮಲಗುತ್ತಾರೆ. ಎಂಐಟಿಯ ಲಿಸ್ಟ್ ಕಲಾಕೇಂದ್ರ ಇದೇ ಬಗೆಯ ಎರವಲನ್ನು ಲಾಟರಿ ಎತ್ತಿ ಹಂಚುತ್ತದೆ. ನೀವು ಹೋಗುವ ಕಡೆ ಇಂಥ ವ್ಯವಸ್ಥೆ ಉಂಟೇ ಎಂದು ಬಂದಿಳಿದ ವಾರವೇ ವಿಚಾರಿಸಿ. ಸೆಮಿಸ್ಟರ್ ಆರಂಭವಾದೊಡನೆ ಅದರ ಅವಧಿ ಮುಗಿದುಹೋಗುವುದುಂಟು.

ಈ ಉದ್ದೇಶವನ್ನು ವಿಶ್ವವಿದ್ಯಾಲಯಗಳೇ ಮರೆತದ್ದೂ ಇದೆ. ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2009ರಲ್ಲಿ, ಆರ್ಥಿಕ ಬಿಕ್ಕಟ್ಟಿನ ನೆವದಲ್ಲಿ, ತನ್ನ ರೋಸ್ ಆರ್ಟ್ ಮ್ಯೂಸಿಯಂ ಮುಚ್ಚಿ ಸಂಗ್ರಹವನ್ನು ಮಾರಲು ತೀರ್ಮಾನಿಸಿತು. ವಿದ್ಯಾರ್ಥಿಗಳು, ಅಧ್ಯಾಪಕರು, ದಾನಿಗಳು ತೀವ್ರವಾಗಿ ಪ್ರತಿಭಟಿಸಿದರು, ಪ್ರಕರಣ ನ್ಯಾಯಾಲಯಕ್ಕೂ ಹೋಯಿತು, ಕೊನೆಗೆ 2011ರಲ್ಲಿ ರಾಜಿಯಾಗಿ ಮ್ಯೂಸಿಯಂ ಉಳಿಯಿತು. ಸಂಗ್ರಹವನ್ನು ಮಾರಿದ ಹಣವನ್ನು ದೈನಂದಿನ ಖರ್ಚಿಗೆ ಬಳಸಬಾರದು ಎಂಬುದು ಅಮೆರಿಕದ ಮ್ಯೂಸಿಯಂ ಸಂಘಟನೆಗಳ ಸ್ಪಷ್ಟ ನೀತಿ. ಗ್ಯಾಲರಿಯನ್ನು ಬಳಸುವ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆ ಎಂಬುದು ಅದರ ಉಳಿವಿಗೂ ಸಂಬಂಧಿಸಿದ ವಿಷಯ ಎಂಬುದನ್ನು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಬಲ್ಲರು. ನಿಮ್ಮಂಥ ಬೇರೆ ಶಾಖೆಯವರನ್ನು ಅವರು ಆದರದಿಂದ ಬರಮಾಡಿಕೊಳ್ಳಲು ಇದೂ ಒಂದು ಕಾರಣ.

ನಮ್ಮಲ್ಲಿ ಇಂಥದ್ದು ಇಲ್ಲವೆಂದು ತಿಳಿಯಬೇಡಿ. ನಿಮ್ಮ ಊರಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ, 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಗೆ ಸೇರಿದ ವಸ್ತುಸಂಗ್ರಹಾಲಯವಿದೆ. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯನ್ನು ಜಾನಪದ ವಸ್ತುಸಂಗ್ರಹಾಲಯವಾಗಿಸಿದ್ದು ಮೈಸೂರು ವಿಶ್ವವಿದ್ಯಾಲಯ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಕಲಾಕಾಲೇಜು ಮತ್ತು ಗ್ಯಾಲರಿಗಳು ಒಂದೇ ಆವರಣದಲ್ಲಿವೆ. ರಷ್ಯಾ ಮೂಲದ ಕಲಾವಿದ ರೋರಿಕ್‌ರ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಅಲ್ಲಿ ನೋಡಬಹುದು. ಹೊರಡುವ ಮೊದಲು ಇವುಗಳಲ್ಲಿ ಸಾಧ್ಯವಾದದ್ದನ್ನು ನಿಧಾನವಾಗಿ ನೋಡಿ ಬನ್ನಿ. ಅರ್ಜಿ ಬರೆಯುವಾಗ ಇದು ಹೇಗೆ ಒದಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ ಪ್ರದರ್ಶನಗಳ ವಿಷಯ. ಇಂಥ ಗ್ಯಾಲರಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪ್ರದರ್ಶನಗಳು ಜೊತೆಜೊತೆಯಾಗಿ ನಡೆಯುತ್ತಿರುತ್ತವೆ: ಸ್ವಂತ ಸಂಗ್ರಹದಿಂದ ಆಯ್ದದ್ದು, ಬೇರೆ ಕಡೆಯಿಂದ ಎರವಲು ತಂದು ಕೆಲವು ತಿಂಗಳ ಮಟ್ಟಿಗೆ ಜೋಡಿಸಿದ್ದು, ಮತ್ತು ಲಲಿತಕಲೆಯ ವಿದ್ಯಾರ್ಥಿಗಳು ಪದವಿಯ ಅಂಗವಾಗಿ ವಸಂತ ಋತುವಿನಲ್ಲಿ ನಡೆಸುವ ಸ್ವಂತ ಕೃತಿಗಳ ಪ್ರದರ್ಶನ. ಮೊದಲ ಸಲ ಹೋದವರು ಗಮನಿಸುವ ಸಂಗತಿಯೆಂದರೆ ಕೆಲವು ಕೋಣೆಗಳ ಮಬ್ಬು ಬೆಳಕು. ಕಾಗದದ ಮೇಲಿನ ಚಿತ್ರ, ಜಲವರ್ಣ, ಹಳೆಯ ಛಾಯಾಚಿತ್ರ, ಬಣ್ಣ ಹಾಕಿದ ಬಟ್ಟೆ ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ರೂಢಿ. ತೈಲಚಿತ್ರಗಳಿಗಾದರೆ 200 ಲಕ್ಸ್‌ವರೆಗೆ ಅವಕಾಶವಿದೆ. ಬೆಳಕಿನಿಂದ ಆಗುವ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಆದ್ದರಿಂದಲೇ ನಮ್ಮ ಪಹಾಡಿ ಅಥವಾ ದಖನಿ ಚಿಕಣಿ ಚಿತ್ರದಂಥ ಕಾಗದದ ಕೃತಿಯನ್ನು ಕೆಲವು ತಿಂಗಳು ಗೋಡೆಯ ಮೇಲಿಟ್ಟ ಬಳಿಕ ವರ್ಷಗಟ್ಟಲೆ ಕತ್ತಲ ಪೆಟ್ಟಿಗೆಯಲ್ಲಿ ವಿಶ್ರಾಂತಿಗೆ ಇಡುತ್ತಾರೆ. ಪ್ರದರ್ಶನಗಳು ಮತ್ತೆ ಮತ್ತೆ ಬದಲಾಗುವುದರ ಹಿಂದೆ ಹೊಸತನದ ಆಸೆಯಷ್ಟೇ ಈ ಕಾಳಜಿಯೂ ಇದೆ.

ಒಂದು ಎರವಲು ಪ್ರದರ್ಶನ ಗೋಡೆಗೇರುವ ಮೊದಲು ಒಂದೆರಡು ವರ್ಷಗಳ ತಯಾರಿ ನಡೆದಿರುತ್ತದೆ. ಕೃತಿಯ ಒಡೆತನ ಯಾರದ್ದು, ವಿಮೆ ಯಾರ ಹೊಣೆ, ಕೋಣೆಯ ತೇವಾಂಶ ಮತ್ತು ಉಷ್ಣತೆ ಸ್ಥಿರವಾಗಿರುತ್ತದೆಯೇ ಎಂಬುದೆಲ್ಲ ಪತ್ರಗಳಲ್ಲಿ ನಿರ್ಧಾರವಾಗಬೇಕು. ಕೃತಿ ಬಂದಿಳಿದಾಗ ಅದರ ಮರದ ಪೆಟ್ಟಿಗೆಯನ್ನು ಕೂಡಲೇ ತೆರೆಯುವುದಿಲ್ಲ. ಹೊರಗಿನ ಚಳಿಯಿಂದ ಬಂದದ್ದು ಒಳಗಿನ ಹವೆಗೆ ಹೊಂದಿಕೊಳ್ಳಲೆಂದು ಒಂದು ದಿನದ ಮಟ್ಟಿಗೆ ಹಾಗೇ ಬಿಡುವುದು ವಾಡಿಕೆ. ತೆರೆದ ಮೇಲೆ ಪ್ರತಿಯೊಂದು ಕೃತಿಯ ಸ್ಥಿತಿಯನ್ನು ಬರೆದಿಡುತ್ತಾರೆ: ಬಲ ಮೂಲೆಯಲ್ಲಿ ಕೂದಲೆಳೆಯ ಬಿರುಕು, ಕೆಳ ಅಂಚಿನಲ್ಲಿ ಹಳೆಯ ತೇವದ ಕಲೆ, ಚೌಕಟ್ಟಿನ ಚಿನ್ನದ ಲೇಪ ಒಂದೆಡೆ ಎದ್ದಿದೆ ಎಂಬ ರೀತಿಯಲ್ಲಿ. ಪ್ರದರ್ಶನ ಮುಗಿದು ಕೃತಿಯನ್ನು ಹಿಂದಕ್ಕೆ ಕಳಿಸುವಾಗ ಇದೇ ವರದಿಯನ್ನು ಇಟ್ಟುಕೊಂಡು ಮತ್ತೆ ಸಾಲುಸಾಲಾಗಿ ಪರಿಶೀಲಿಸುತ್ತಾರೆ. ಕಲಾಕೃತಿಯೊಂದನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡುವ ಸಂದರ್ಭ ಬೇರೆಲ್ಲೂ ಸಿಗದು. ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕುಳಿತು, ತಜ್ಞರು ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವ ಕೆಲಸವಿದ್ದರೂ ಅದನ್ನು ಬಿಡಬೇಡಿ. (ಪೆನ್ಸಿಲ್ ಎಂದದ್ದು ಆಕಸ್ಮಿಕವಲ್ಲ, ಕಲಾಕೃತಿಗಳಿರುವ ಮೇಜಿನ ಬಳಿ ಪೆನ್ನನ್ನು ಬಿಡುವುದೇ ಇಲ್ಲ, ಶಾಯಿಯ ಒಂದು ಗೆರೆ ಬಿದ್ದರೂ ತೆಗೆಯಲಾಗದು.)

ಕಾರ್ಯಕ್ರಮಗಳಲ್ಲಿ ಹೆಚ್ಚು ಪ್ರಚಾರ ಪಡೆಯುವುದು ಪ್ರದರ್ಶನದ ಉದ್ಘಾಟನೆಯ ಸಂಜೆ. ಹೋಗಿ, ತಿಂಡಿ ಪಾನೀಯಗಳಿರುತ್ತವೆ, ಜನರ ಪರಿಚಯವಾಗುತ್ತದೆ. ಆದರೆ ಆ ಗದ್ದಲದಲ್ಲಿ ಚಿತ್ರ ನೋಡಲಾಗದು. ನನ್ನ ಅಭಿಪ್ರಾಯದಲ್ಲಿ ಬಿಡದೆ ಹೋಗಬೇಕಾದದ್ದು ಎರಡಕ್ಕೆ. ಒಂದು, ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನವನ್ನು ರೂಪಿಸುವ ತಜ್ಞರು, ತಾವೇ ಕೋಣೆಯಲ್ಲಿ ನಿಂತು ಹತ್ತಿಪ್ಪತ್ತು ಜನರಿಗೆ ನೀಡುವ ಮಧ್ಯಾಹ್ನದ ವಿವರಣೆ. ಯಾವ ಕೃತಿಯ ಪಕ್ಕದಲ್ಲಿ ಯಾವುದನ್ನು ಏಕೆ ಇಟ್ಟೆವು, ಯಾವುದು ಸಿಗಲಿಲ್ಲ ಎಂಬುದನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಇನ್ನೊಂದು, ಅಧ್ಯಯನ ಕೊಠಡಿ. ಗೋಡೆಯ ಮೇಲಿರುವುದು ಸಂಗ್ರಹದ ಸಣ್ಣ ಪಾಲು ಮಾತ್ರ, ಉಳಿದದ್ದು ದಾಸ್ತಾನಿನಲ್ಲಿರುತ್ತದೆ. ಅನೇಕ ಗ್ಯಾಲರಿಗಳಲ್ಲಿ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡರೆ ಯಾವ ಶಾಖೆಯ ವಿದ್ಯಾರ್ಥಿಯಾದರೂ ಬೇಕಾದ ಕೃತಿಯನ್ನು ಹೊರತರಿಸಿ, ಗಾಜಿನ ಅಡ್ಡವಿಲ್ಲದೆ ಮೇಜಿನ ಮೇಲಿಟ್ಟು ನೋಡಬಹುದು. ಈ ಸೌಲಭ್ಯ ತಮಗೂ ಇದೆ ಎಂಬುದು ಬಹಳಷ್ಟು ವಿದ್ಯಾರ್ಥಿಗಳಿಗೆ ಪದವಿ ಮುಗಿಯುವವರೆಗೂ ಗೊತ್ತಾಗುವುದೇ ಇಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರೇ ಆರ್ಟ್ ಮ್ಯೂಸಿಯಂನಂಥ ಕಡೆ ಇದರಿಂದ ನಮ್ಮವರಿಗೆ ವಿಶೇಷ ಲಾಭವಿದೆ. ಅದರ ಸ್ಥಾಪಕಿ ಆಬಿ ವೀಡ್ ಗ್ರೇ ಇರಾನ್, ಟರ್ಕಿ, ಭಾರತಗಳಲ್ಲಿ ತಿರುಗಾಡಿ ಅಲ್ಲಿನ ಆಧುನಿಕ ಕಲಾವಿದರ ಕೃತಿಗಳನ್ನು ಕೊಂಡಿದ್ದರು. ಆ ಸಂಗ್ರಹಕ್ಕಾಗಿ 1975ರಲ್ಲಿ ಗ್ಯಾಲರಿ ತೆರೆಯಿತು.

ಇನ್ನು ಕೆಲಸಗಳು. ಪ್ರಕಟಣೆಯಲ್ಲಿ ಹೆಚ್ಚಾಗಿ ಕಾಣುವ ಹುದ್ದೆ ಗ್ಯಾಲರಿ ಅಟೆಂಡೆಂಟ್. ಕೋಣೆಯಲ್ಲಿ ನಿಂತು ಬಂದವರನ್ನು ಸ್ವಾಗತಿಸುವುದು, ದಾರಿ ತೋರಿಸುವುದು, ಎಷ್ಟು ಜನ ಬಂದರೆಂದು ಎಣಿಸುವುದು, ಬೆನ್ನಚೀಲವನ್ನು ಮುಂದಕ್ಕೆ ಹಾಕಿಕೊಳ್ಳಲು ಅಥವಾ ಲಾಕರ್‌ನಲ್ಲಿಡಲು ಕೋರುವುದು, ನೀರಿನ ಬಾಟಲಿ ಒಳಬರದಂತೆ ನೋಡುವುದು, ಕೃತಿಯನ್ನು ಮುಟ್ಟಲು ಚಾಚಿದ ಕೈಯನ್ನು ಮೃದುವಾದ ಮಾತಿನಲ್ಲಿ ತಡೆಯುವುದು. ನಮ್ಮ ಕಡೆ ಇದನ್ನು ಕಾವಲುಗಾರನ ಕೆಲಸವೆಂದು ಕೀಳಾಗಿ ಕಾಣುವವರಿದ್ದಾರೆ, ಮನೆಯವರಿಗೆ ಹೇಳಲು ಹಿಂಜರಿಯುವ ವಿದ್ಯಾರ್ಥಿಗಳೂ ಇದ್ದಾರೆ. ನಾನು ಈ ಹುದ್ದೆಯನ್ನೇ ಮೊದಲ ವರ್ಷಕ್ಕೆ ಶಿಫಾರಸು ಮಾಡುತ್ತೇನೆ. ಒಂದೇ ಕೋಣೆಯಲ್ಲಿ, ಅದೇ ಹನ್ನೆರಡು ಹದಿನೈದು ಕೃತಿಗಳೊಂದಿಗೆ ನೀವು ವಾರವಾರವೂ ಗಂಟೆಗಟ್ಟಲೆ ಕಳೆಯುತ್ತೀರಿ. ಸಾಮಾನ್ಯ ನೋಡುಗರು ಒಂದು ಚಿತ್ರದ ಮುಂದೆ ಅರೆನಿಮಿಷವೂ ನಿಲ್ಲದೆ ಮುಂದೆ ಸಾಗುವುದನ್ನು ಕಾಣುತ್ತೀರಿ, ಯಾವ ಕೃತಿಯ ಮುಂದೆ ಮಾತ್ರ ಅವರ ಕಾಲು ತಾನಾಗಿ ನಿಲ್ಲುತ್ತದೆ ಎಂಬುದನ್ನೂ ಕಾಣುತ್ತೀರಿ. ಮೊದಲ ವಾರ ನಿಮಗೆ ಮಂಕಾಗಿ ತೋರಿದ ಚಿತ್ರವೊಂದು ಮೂರನೆಯ ತಿಂಗಳಿಗೆ ಆ ಕೋಣೆಯಲ್ಲೇ ಶ್ರೇಷ್ಠವಾದದ್ದೆಂದು ಅನ್ನಿಸಬಹುದು; ಹಾಗೆ ಅನ್ನಿಸುವುದೇ ನೋಡುವ ಶಿಕ್ಷಣ, ಅದನ್ನು ಯಾವ ಉಪನ್ಯಾಸವೂ ಕೊಡಲಾರದು.

ಕಷ್ಟವನ್ನೂ ಹೇಳಿಬಿಡುತ್ತೇನೆ. ಕೆಲವು ಗ್ಯಾಲರಿಗಳಲ್ಲಿ ಪಾಳಿಯುದ್ದಕ್ಕೂ ನಿಂತೇ ಇರಬೇಕು, ಫೋನ್ ನೋಡುವಂತಿಲ್ಲ, ಓದುವ ಪುಸ್ತಕ ತೆರೆಯುವಂತಿಲ್ಲ. ಪಾಳಿಗಳು ಹೆಚ್ಚಾಗಿ ಶನಿವಾರ, ಭಾನುವಾರ ಮತ್ತು ಸಂಜೆ ಬರುತ್ತವೆ. ಫೆಬ್ರವರಿಯ ಹಿಮದ ಮಧ್ಯಾಹ್ನ ಒಬ್ಬರೂ ಬಾರದೆ ಹೋಗಬಹುದು. ಸಂಬಳ ಕ್ಯಾಂಪಸ್ಸಿನ ಇತರ ವಿದ್ಯಾರ್ಥಿ ಕೆಲಸಗಳಷ್ಟೇ, ಅಂದರೆ ಗಂಟೆಯ ಲೆಕ್ಕದ ಸಾಧಾರಣ ಮೊತ್ತ. ಪಾಳಿಯ ನಡುವೆ ಹೋಂವರ್ಕ್ ಮುಗಿಸಿಕೊಳ್ಳಬೇಕೆಂಬ ಉದ್ದೇಶವಿದ್ದರೆ ಗ್ರಂಥಾಲಯದ ಮೇಜಿನ ಕೆಲಸವೇ ನಿಮಗೆ ಅನುಕೂಲ, ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಕಡಿಮೆ ಖರ್ಚಿನಲ್ಲಿ ಊಟವಾಗಬೇಕೆಂಬುದೇ ಮುಖ್ಯವಾದರೆ ಭೋಜನಶಾಲೆಯದೂ ಗೌರವದ ಕೆಲಸವೇ. ಅಲ್ಲಿ ಪಾಳಿಯ ದಿನ ಊಟ ಸಿಗುವ ಏರ್ಪಾಟು ಹಲವೆಡೆ ಇರುತ್ತದೆ.

ಎರಡನೆಯ ಬಗೆಯದು ರಿಜಿಸ್ಟ್ರಾರ್ ಕಚೇರಿಯ ಸಹಾಯಕರ ಕೆಲಸ. ಇಲ್ಲಿ ರಿಜಿಸ್ಟ್ರಾರ್ ಎಂದರೆ ನಮ್ಮ ಕುಲಸಚಿವರಲ್ಲ. ಕೃತಿಗಳ ದಾಖಲೆ, ಸಾಗಣೆ, ಎರವಲು, ವಿಮೆಗಳನ್ನು ನೋಡಿಕೊಳ್ಳುವವರು. ಗ್ಯಾಲರಿಗೆ ಸೇರಿದ ಪ್ರತಿ ಕೃತಿಗೂ ಒಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ ಅದು ಸೇರಿದ ವರ್ಷದಿಂದ ಆರಂಭವಾಗುತ್ತದೆ. ಆ ಸಂಖ್ಯೆಯ ಹಿಂದೆ ಅಳತೆ, ಮಾಧ್ಯಮ, ಕೊಟ್ಟವರು, ಇಟ್ಟಿರುವ ಕಪಾಟು ಎಲ್ಲವೂ ದತ್ತಾಂಶವಾಗಿ ನಿಲ್ಲುತ್ತದೆ. ಸಂಖ್ಯಾಶಾಸ್ತ್ರದವರಾದ ನೀವು ಇಲ್ಲಿ ನಿಜಕ್ಕೂ ಉಪಯುಕ್ತರು. ಹಳೆಯ ಕಾರ್ಡುಗಳಲ್ಲಿ ಒಬ್ಬನೇ ಕಲಾವಿದನ ಹೆಸರು ನಾಲ್ಕು ರೀತಿಯಲ್ಲಿ ಬರೆದಿರುತ್ತದೆ, ಕಾಲದ ಕಾಲಂನಲ್ಲಿ ‘ಸುಮಾರು 18ನೆಯ ಶತಮಾನ’ ಎಂದಿರುತ್ತದೆ, ಇಂಚು ಸೆಂಟಿಮೀಟರ್‌ಗಳು ಬೆರೆತುಹೋಗಿರುತ್ತವೆ. ಇದನ್ನು ಶುಚಿಗೊಳಿಸದೆ ಯಾವ ಹುಡುಕಾಟವೂ ಸರಿಯಾಗಿ ನಡೆಯದು. ಯೇಲ್ ತನ್ನ ಮ್ಯೂಸಿಯಂ, ಗ್ರಂಥಾಲಯ, ದಾಖಲಾಗಾರಗಳ ಸಂಗ್ರಹಗಳನ್ನು ಒಟ್ಟಿಗೆ ಹುಡುಕಬಲ್ಲ ‘ಲಕ್ಸ್’ ಎಂಬ ವ್ಯವಸ್ಥೆಯನ್ನು 2023ರಲ್ಲಿ ಎಲ್ಲರಿಗೂ ತೆರೆಯಿತು. ಹಾರ್ವರ್ಡ್ ಕಲಾ ಮ್ಯೂಸಿಯಂಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂಗಳ ಮೂಲಕ ನೇರವಾಗಿ ಪಡೆಯುವ ಅವಕಾಶ ಕೊಟ್ಟಿವೆ. ಹೊರಡುವ ಮೊದಲೇ ಇವನ್ನು ಬಳಸಿ ನೋಡಿದರೆ, ಕಲಾಸಂಗ್ರಹದ ದತ್ತಾಂಶ ಎಷ್ಟು ತೊಡಕಿನದು, ಎಷ್ಟು ಸ್ವಾರಸ್ಯದ್ದು ಎಂಬುದು ನಿಮಗೇ ತಿಳಿಯುತ್ತದೆ.

ಈ ಕಚೇರಿಯಲ್ಲೇ ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕೆಲಸ ನಡೆಯುತ್ತದೆ. ಒಂದು ಕೃತಿ ಹುಟ್ಟಿದ ಜಾಗದಿಂದ ಇಲ್ಲಿಯವರೆಗೆ ಯಾರ ಯಾರ ಕೈ ದಾಟಿ ಬಂತು ಎಂಬ ಒಡೆತನದ ಚರಿತ್ರೆಯನ್ನು ಹುಡುಕುವುದು ಆ ಕೆಲಸ. ಭಾರತದ ಗುಡಿಗಳಿಂದ ಕದ್ದ ಮೂರ್ತಿಗಳು ವ್ಯಾಪಾರಿಗಳ ಮೂಲಕ ಪ್ರತಿಷ್ಠಿತ ಸಂಗ್ರಹಗಳನ್ನು ಸೇರಿದ್ದು ಈಗ ಎಲ್ಲರಿಗೂ ತಿಳಿದ ವಿಷಯ. ಯೇಲ್‌ನ ಗ್ಯಾಲರಿಯೇ 2022ರಲ್ಲಿ 13 ಕಲಾವಸ್ತುಗಳನ್ನು ನ್ಯೂಯಾರ್ಕಿನ ಮ್ಯಾನ್‌ಹಟನ್ ಜಿಲ್ಲಾ ಅಭಿಯೋಜಕರಿಗೆ ಒಪ್ಪಿಸಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಭಾರತದವು. ಇಂಥ ತನಿಖೆಯಲ್ಲಿ ಹಳೆಯ ಹರಾಜು ಪಟ್ಟಿಗಳನ್ನೂ ರಸೀದಿಗಳನ್ನೂ ಪುರಾತತ್ವ ಇಲಾಖೆಯ ಹಳೆಯ ಛಾಯಾಚಿತ್ರಗಳನ್ನೂ ತಾಳೆನೋಡುವವರು ಬೇಕು. ಕನ್ನಡ ಓದಬಲ್ಲವರು, ಹೊಯ್ಸಳ ಶಿಲ್ಪಕ್ಕೂ ಚಾಲುಕ್ಯ ಶಿಲ್ಪಕ್ಕೂ ವ್ಯತ್ಯಾಸ ತಿಳಿದವರು ಅಮೆರಿಕದ ಕ್ಯಾಂಪಸ್ಸಿನಲ್ಲಿ ಬಹಳ ಕಡಿಮೆ. ಧಾರವಾಡದವರಾದ ನಿಮಗೆ ಲಕ್ಕುಂಡಿ, ಅಣ್ಣಿಗೇರಿ, ಐಹೊಳೆ ಎಲ್ಲವೂ ಹತ್ತಿರವೇ. ನೋಡಿದ್ದರೆ ಆ ಮಾತನ್ನು ಅರ್ಜಿಯಲ್ಲಿ ಬರೆಯಿರಿ.

ಮೂರನೆಯದು ಪ್ರಿಪರೇಟರ್ ತಂಡದ ಕೆಲಸ: ಗೋಡೆಗೆ ಬಣ್ಣ ಬಳಿಯುವುದು, ಮೊಳೆಯ ಜಾಗ ಅಳೆಯುವುದು, ಲೇಬಲ್ ಅಂಟಿಸುವುದು, ದೀಪಗಳ ಕೋನ ಹೊಂದಿಸುವುದು. ಚಿತ್ರದ ನಡುಮಧ್ಯ ನೆಲದಿಂದ 57 ರಿಂದ 60 ಇಂಚು ಎತ್ತರದಲ್ಲಿ ಬರುವಂತೆ ತೂಗುಹಾಕುವುದು ಸಾಮಾನ್ಯ ಪದ್ಧತಿ, ಏಕೆಂದರೆ ನಿಂತವರ ಕಣ್ಣು ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಕೃತಿಯನ್ನು ಎತ್ತುವಾಗ ಒಂದು ಕೈ ಕೆಳಗೆ, ಒಂದು ಕೈ ಪಕ್ಕದಲ್ಲಿ, ಚೌಕಟ್ಟಿನ ಮೇಲಂಚನ್ನು ಹಿಡಿದು ಎತ್ತಬಾರದು, ಉಂಗುರ ಬಳೆಗಳನ್ನು ಮೊದಲೇ ಕಳಚಿಡಬೇಕು, ಎತ್ತುವ ಮೊದಲೇ ಎಲ್ಲಿಡಬೇಕೆಂದು ನಿಶ್ಚಯಿಸಿರಬೇಕು. ಇವೆಲ್ಲ ಕೆಲವೇ ದಿನಗಳಲ್ಲಿ ಕಲಿಯಬಹುದಾದ ಶಿಸ್ತು. ಕೈಗೆಲಸದಲ್ಲಿ ಆಸಕ್ತಿ ಇರುವವರಿಗೆ ಇದರಷ್ಟು ತೃಪ್ತಿಯ ಕೆಲಸ ಇನ್ನೊಂದಿಲ್ಲ. ಪ್ರದರ್ಶನ ಬದಲಾಗುವ ವಾರಗಳಲ್ಲಿ ಗಂಟೆಗಳು ಹೆಚ್ಚು ಸಿಗುತ್ತವೆ, ಉಳಿದಂತೆ ಕಡಿಮೆ.

ವಿದ್ಯಾರ್ಥಿ ಮಾರ್ಗದರ್ಶಕರ ಕೆಲಸಕ್ಕೆ ಪ್ರತ್ಯೇಕ ತರಬೇತಿ ಇರುತ್ತದೆ, ಕೆಲವೆಡೆ ಅದು ಒಂದು ಪೂರ್ಣ ವರ್ಷ ನಡೆಯುತ್ತದೆ. ಶಾಲಾಮಕ್ಕಳ ಗುಂಪೊಂದನ್ನು ಒಂದೇ ಕೃತಿಯ ಮುಂದೆ ಕೂರಿಸಿ, ನೀವು ಏನನ್ನೂ ವಿವರಿಸದೆ, ಅವರಿಗೆ ಏನು ಕಾಣುತ್ತದೆ, ಹಾಗೆ ಅನ್ನಿಸಲು ಚಿತ್ರದಲ್ಲಿ ಏನಿದೆ ಎಂದು ಕೇಳುತ್ತಾ ಹೋಗುವುದು ಇಂದು ಹೆಚ್ಚು ಬಳಕೆಯಲ್ಲಿರುವ ಬೋಧನಾಕ್ರಮ. ಇಂಗ್ಲಿಷಿನಲ್ಲಿ ಮಾತನಾಡಲು ಅಳುಕು ಇರುವವರಿಗೆ ಇದು ಒಳ್ಳೆಯ ಅಭ್ಯಾಸ, ಏಕೆಂದರೆ ಇಲ್ಲಿ ಮಾತಿಗಿಂತ ಕೇಳಿಸಿಕೊಳ್ಳುವುದು ಹೆಚ್ಚು. ಕಾರ್ಯಕ್ರಮಗಳ ದಿನ ಕುರ್ಚಿ ಜೋಡಿಸುವ, ಪ್ರಚಾರದ ಫೋಟೋ ಬರಹ ಸಿದ್ಧಪಡಿಸುವ ಹುದ್ದೆಗಳೂ ಇವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇರೆ ಯಾವ ವಿಭಾಗದಲ್ಲೂ ಅವು ಇರುತ್ತವೆ.

ವೀಸಾದ ನಿಯಮಗಳಲ್ಲಿ ಎಚ್ಚರ ಬೇಕು. ಎಫ್-1 ವಿದ್ಯಾರ್ಥಿಗಳು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ ಗರಿಷ್ಠ 20 ಗಂಟೆ ಕೆಲಸ ಮಾಡಬಹುದು. ರಜೆಯಲ್ಲಿ, ಮುಂದಿನ ಅವಧಿಗೆ ಓದು ಮುಂದುವರಿಸುವವರಾದರೆ, ಪೂರ್ಣಕಾಲವೂ ಮಾಡಬಹುದು. ಈ 20 ಗಂಟೆ ಎಲ್ಲ ಕೆಲಸಗಳೂ ಸೇರಿ. ನಿಮ್ಮ ವಿಭಾಗ ನಿಮಗೆ ವಾರಕ್ಕೆ 20 ಗಂಟೆಯ ಬೋಧನಾ ಸಹಾಯಕತ್ವ ಕೊಟ್ಟಿದ್ದರೆ ಸೆಮಿಸ್ಟರಿನಲ್ಲಿ ಗ್ಯಾಲರಿಯ ಸಂಬಳದ ಕೆಲಸಕ್ಕೆ ಒಂದು ಗಂಟೆಯೂ ಉಳಿಯುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮರೆಯುವುದು ಹೆಚ್ಚಾಗಿ ಇದನ್ನೇ. ಎರಡನೆಯದಾಗಿ, ಪ್ರಕಟಣೆಯಲ್ಲಿ ‘ಫೆಡರಲ್ ವರ್ಕ್ ಸ್ಟಡಿ’ ಎಂದು ಬರೆದಿದ್ದರೆ ಆ ಹುದ್ದೆ ಕೇಂದ್ರ ಸರ್ಕಾರದ ನೆರವು ಪಡೆಯಲು ಅರ್ಹರಾದವರಿಗೆ ಮಾತ್ರ, ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲ. ಅಂಥ ಸಾಲು ಕಂಡೊಡನೆ ನಿರಾಶರಾಗದೆ, ಅದೇ ಕೆಲಸಕ್ಕೆ ಗ್ಯಾಲರಿಯ ಸ್ವಂತ ನಿಧಿಯಿಂದಲೂ ಹುದ್ದೆ ಇದೆಯೇ ಎಂದು ಪತ್ರ ಬರೆದು ಕೇಳಿ, ಹಲವೆಡೆ ಇರುತ್ತದೆ. ಗ್ಯಾಲರಿಯ ಕಟ್ಟಡ ಮುಖ್ಯ ಕ್ಯಾಂಪಸ್ಸಿನಿಂದ ಹೊರಗಿದ್ದರೆ, ಅಥವಾ ಬೇಸಿಗೆಯಲ್ಲಿ ನಗರದ ಮತ್ತೊಂದು ಮ್ಯೂಸಿಯಂನಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ, ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಒಂದು ದಿನವೂ ಕೆಲಸಕ್ಕೆ ಹೋಗಬೇಡಿ. ಸಂಬಳವಿಲ್ಲದ ಕೆಲಸವಾದರೂ ಮೊದಲು ಅವರನ್ನೇ ಕೇಳಿ.

ಕೆಲಸ ಖಚಿತವಾದ ಮೇಲೆ ಗ್ಯಾಲರಿಯ ಪತ್ರ ಮತ್ತು ಆ ಅಧಿಕಾರಿಯ ಪತ್ರ ಹಿಡಿದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ (ಸಂಬಳ, ತೆರಿಗೆಗಳ ಲೆಕ್ಕಕ್ಕೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅರ್ಜಿ ಕೊಡಬೇಕು. ಕೆಲಸ ಮಾಡುವ ಅರ್ಹತೆಯನ್ನು ದೃಢಪಡಿಸುವ ಐ-9 ಎಂಬ ನಮೂನೆಗಾಗಿ ಪಾಸ್‌ಪೋರ್ಟ್, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಮತ್ತು ದೇಶದೊಳಗೆ ಬಂದದ್ದರ ದಾಖಲೆಯಾದ ಐ-94 ಸಿದ್ಧವಿರಲಿ. ತೆರಿಗೆಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಅನುಕೂಲವಿದೆ: ಉಭಯ ದೇಶಗಳ ತೆರಿಗೆ ಒಪ್ಪಂದದ 21ನೆಯ ವಿಧಿಯಂತೆ ನೀವು ಅಲ್ಲಿನ ನಿವಾಸಿಗಳಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಪಡೆಯಬಹುದು, ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಅದಿಲ್ಲ. ಗ್ಯಾಲರಿಯ ಸಂಬಳ ಕಡಿಮೆಯೆಂದು ತೆರಿಗೆ ಲೆಕ್ಕಪತ್ರ ಸಲ್ಲಿಸದೆ ಬಿಡಬೇಡಿ.

ಅರ್ಜಿ ಬರೆಯುವ ಬಗ್ಗೆ ಒಂದು ಮಾತು. ‘ನನಗೆ ಬಾಲ್ಯದಿಂದಲೂ ಕಲೆಯಲ್ಲಿ ಅಪಾರ ಆಸಕ್ತಿ’ ಎಂಬ ವಾಕ್ಯವನ್ನು ಓದಿ ಓದಿ ಆಯ್ಕೆ ಮಾಡುವವರ ಕಣ್ಣು ದಣಿದಿರುತ್ತದೆ. ಅದರ ಬದಲು ನೀವು ನಿಜವಾಗಿ ನೋಡಿದ ಒಂದೇ ಒಂದು ಕೃತಿಯ ಬಗ್ಗೆ ನಾಲ್ಕೈದು ಸಾಲು ಬರೆಯಿರಿ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡವಾಗಲಿ, ಪರಿಷತ್ತಿನ ಒಂದು ತೊಗಲುಗೊಂಬೆಯಾಗಲಿ, ಅದರಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದೇನು, ಅಲ್ಲಿನ ಬೆಳಕು ಹೇಗಿತ್ತು, ಅದನ್ನು ಇಟ್ಟಿದ್ದ ರೀತಿಯಲ್ಲಿ ಸರಿಯೆನಿಸಿದ್ದೇನು, ಸರಿಯಿಲ್ಲವೆನಿಸಿದ್ದೇನು ಎಂದು ಬರೆದರೆ, ಈಕೆ ನೋಡಬಲ್ಲವಳು ಎಂಬುದು ಓದುವವರಿಗೆ ಮನವರಿಕೆಯಾಗುತ್ತದೆ. ಸಂದರ್ಶನದಲ್ಲಿ ಅವರು ಹೆಚ್ಚಾಗಿ ಕೇಳುವುದು ಎರಡು ಬಗೆಯ ಪ್ರಶ್ನೆ: ಮುಟ್ಟಬೇಡಿ ಎಂದರೂ ಕೇಳದ ನೋಡುಗರೊಂದಿಗೆ ಹೇಗೆ ನಡೆದುಕೊಳ್ಳುತ್ತೀರಿ, ಮತ್ತು ಪರೀಕ್ಷೆಯ ವಾರದಲ್ಲಿ ಪಾಳಿ ಬಂದರೆ ಏನು ಮಾಡುತ್ತೀರಿ. ಮೊದಲನೆಯದಕ್ಕೆ, ಗಲಾಟೆ ಮಾಡದೆ ಪಕ್ಕಕ್ಕೆ ಹೋಗಿ ಕಾರಣ ಹೇಳಿ ವಿನಂತಿಸುತ್ತೇನೆ, ಮೀರಿದರೆ ಭದ್ರತಾ ಮೇಲ್ವಿಚಾರಕರನ್ನು ಕರೆಯುತ್ತೇನೆ, ಕೃತಿಯನ್ನು ಮುಟ್ಟಿದ್ದರೆ ಅದನ್ನು ಮರೆಮಾಚದೆ ಕೂಡಲೇ ವರದಿ ಮಾಡುತ್ತೇನೆ ಎಂಬುದು ಸರಿಯಾದ ಉತ್ತರ. ಎರಡನೆಯದಕ್ಕೆ ನಿಮ್ಮ ವೇಳಾಪಟ್ಟಿಯನ್ನು ಮುಂಚೆಯೇ ಪ್ರಾಮಾಣಿಕವಾಗಿ ಮುಂದಿಡಿ. ಹೇಳಿದ ಹೊತ್ತಿಗೆ ಬರುವ ವಿದ್ಯಾರ್ಥಿಯ ಮೇಲೆ ಗ್ಯಾಲರಿಯ ಬಾಗಿಲು ತೆರೆಯುವುದೋ ಮುಚ್ಚುವುದೋ ನಿಂತಿರುತ್ತದೆ, ಏಕೆಂದರೆ ಕೋಣೆಯಲ್ಲಿ ಕಾಯುವವರಿಲ್ಲದಿದ್ದರೆ ಆ ಕೋಣೆಯನ್ನು ತೆರೆಯುವಂತಿಲ್ಲ.

ಮುಂದಿನ ಉದ್ಯೋಗಕ್ಕೆ ಇದು ಹೇಗೆ ನೆರವಾಗುತ್ತದೆ ಎಂಬುದರಲ್ಲಿ ಉತ್ಪ್ರೇಕ್ಷೆ ಬೇಡ. ವಿದ್ಯಾರ್ಥಿ ದೆಸೆಯ ಈ ಅನುಭವದಿಂದ ಮಾತ್ರ ಕ್ಯುರೇಟರ್ ಆಗಲು ಸಾಧ್ಯವಿಲ್ಲ. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಆ ಹುದ್ದೆಗೆ ಸಾಮಾನ್ಯವಾಗಿ ಕಲಾ ಇತಿಹಾಸದ ಪಿಎಚ್‌.ಡಿ.ಯನ್ನೇ ನಿರೀಕ್ಷಿಸುತ್ತಾರೆ, ಆರಂಭದ ಸಂಬಳವೂ ನಿಮ್ಮ ಶಾಖೆಯವರಿಗೆ ಸಿಗುವುದಕ್ಕಿಂತ ಬಹಳ ಕಡಿಮೆ. ಆದರೆ ಸಂಗ್ರಹಗಳ ದತ್ತಾಂಶ, ನೋಡುಗರ ಸಮೀಕ್ಷೆ, ಸಂರಕ್ಷಣಾ ವಿಜ್ಞಾನ ಇವುಗಳಲ್ಲಿ ಲೆಕ್ಕ ಬಲ್ಲವರ ಅಗತ್ಯ ಬೆಳೆಯುತ್ತಿದೆ. ಬೆಂಗಳೂರಿನಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಂಥ ಸಂಸ್ಥೆಗಳು ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತರುವುದನ್ನೇ ತಮ್ಮ ಮುಖ್ಯ ಕೆಲಸಗಳಲ್ಲೊಂದಾಗಿ ಮಾಡಿಕೊಂಡಿವೆ. ಹಿಂದಿರುಗುವ ಯೋಚನೆ ಇದ್ದರೆ ಆ ದಾರಿಯೂ ಇದೆ.

ವಿದ್ಯಾರ್ಥಿ ಹುದ್ದೆಗಳಿಗೆ ಆಯ್ಕೆ ಹೆಚ್ಚಾಗಿ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಮುಗಿಯುತ್ತದೆ. ವಿಶ್ವವಿದ್ಯಾಲಯದ ಇಮೇಲ್ ಖಾತೆ ಸಿಕ್ಕೊಡನೆ ಅವರ ಉದ್ಯೋಗ ತಾಣದಲ್ಲಿ ಹೆಸರು ನೋಂದಾಯಿಸಿ, ಅರ್ಜಿ ಹಾಕುವ ಮೊದಲು ಗ್ಯಾಲರಿಗೆ ಒಮ್ಮೆಯಾದರೂ ಹೋಗಿ ಒಂದು ಗಂಟೆ ಇದ್ದು ಬನ್ನಿ. ಆಗ ಸಿಗದಿದ್ದರೆ ಡಿಸೆಂಬರ್‌ನಲ್ಲಿ ಮತ್ತೆ ಕೇಳಿ, ಪದವಿ ಮುಗಿಸಿ ಹೋಗುವವರ ಜಾಗಗಳು ಆಗ ಖಾಲಿಯಾಗುತ್ತವೆ. ಅಲ್ಲಿಯವರೆಗೆ ಅಧ್ಯಯನ ಕೊಠಡಿಯಲ್ಲಿ ಸಮಯ ಗೊತ್ತುಮಾಡಿಕೊಂಡು, ನಿಮ್ಮ ಗ್ಯಾಲರಿಯ ಸಂಗ್ರಹದಲ್ಲಿ ದಕ್ಷಿಣ ಭಾರತದ್ದು ಏನೇನಿದೆ ಎಂದು ನೋಡತೊಡಗಿ.